ಮೈಸೂರಾ, ಸಾಗರಾನಾ, ಕುಂದಾಪುರಾನಾ: ಚಿಕ್ಕ ಮಕ್ಕಳ ಬೇಸಿಗೆ ರಜಕ್ಕೆ ಮೂರು ಮನೆಗಳ ಹೋಲಿಕೆ

ಏಪ್ರಿಲ್ ಬಂತು ಅಂದ್ರೆ ಚಿಕ್ಕ ಮಕ್ಕಳಿರೋ ಮನೇಲೆಲ್ಲ ಒಂದೇ ಮಾತು, ರಜಕ್ಕೆ ಎಲ್ಲಿಗೆ ಹೋಗೋದು. ನಮ್ಮನೇಲಿ ಟೂರು ಬೇಡ, ನೆಂಟರ ಮನೇನೇ ಸರಿ ಅಂತ ಮೊದಲಿಂದಾನೂ ಇದೆ, ಯಾಕಂದ್ರೆ ಬೆಂಗಳೂರಲ್ಲಿ ವರ್ಷವೆಲ್ಲ ಮಕ್ಕಳು ನಮ್ಮಿಬ್ಬರ ಮುಖಾನೇ ನೋಡ್ಕೊಂಡಿರ್ತಾರೆ, ರಜದಲ್ಲಾದ್ರೂ ತಮ್ಮವರ ಮಧ್ಯೆ ಇರ್ಲಿ ಅಂತ. ಆದ್ರೆ ತಮ್ಮವರು ಇರೋದು ಮೂರು ದಿಕ್ಕಿಗೆ. ನನ್ನ ತವರು ಮೈಸೂರು. ನಮ್ಮ ಯಜಮಾನರ ಊರು ಸಾಗರದ ಹತ್ರ ಒಂದು ಹಳ್ಳಿ, ಸ್ವಲ್ಪ ಅಡಿಕೆ ತೋಟ ಸ್ವಲ್ಪ ಗದ್ದೆ. ನಮ್ಮಕ್ಕನ್ನ ಕೊಟ್ಟಿರೋದು ಕುಂದಾಪುರದ ಕಡೆ, ಸಮುದ್ರಕ್ಕೆ ನಡ್ಕೊಂಡೇ ಹೋಗ್ಬಹುದು ಅಷ್ಟು ಹತ್ರ. ಮಗಳು ಹುಟ್ಟಿದಾಗಿಂದ ಬೇರೆ ಬೇರೆ ಬೇಸಿಗೆಲಿ ಈ ಮೂರೂ ಮನೇಲಿ ಇದ್ದು ನೋಡಿದೀವಿ, ಈಗ ಅವಳಿಗೆ ಐದು ತುಂಬ್ತಾ ಬಂತು, ಕೆಳಗೆ ಒಬ್ಬ ತಮ್ಮ ಇದಾನೆ, ಹಾಗಾಗಿ ಒಂದೇ ಊರನ್ನ ಎರಡು ವಯಸ್ಸಿನ ಮಕ್ಕಳ ಕಣ್ಣಿಂದ ನೋಡೋ ಹಾಗಾಗಿದೆ.

ಮೂರೂ ಚೆನ್ನಾಗಿದೆ ಅಂತ ಹೇಳಿ ಜಾರ್ಕೊಳ್ಳಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ: ಊರು ಆರಿಸ್ಬೇಕಾಗಿರೋದು ಅಲ್ಲಿ ನೋಡೋಕೆ ಏನಿದೆ ಅಂತಲ್ಲ, ಮಗು ಈಗ ಯಾವ ಹಂತದಲ್ಲಿದೆ, ಆ ಮನೇಲಿ ಮಗು ಹಿಂದೆ ಓಡೋಕೆ ಯಾರಿಗೆ ಪುರುಸೊತ್ತಿದೆ ಅಂತ. ವರ್ಷ ತುಂಬದ ಕೂಸಿಗೆ ಮೈಸೂರು. ಹೆಜ್ಜೆ ಇಡೋಕೆ ಶುರು ಮಾಡಿದಾಗಿಂದ ಮೂರು ಮೂರೂವರೆ ವರ್ಷದವರೆಗೆ ಸಾಗರ, ಇದಕ್ಕೆ ಎರಡು ಮಾತಿಲ್ಲ. ನಾಲ್ಕು ದಾಟಿದ ಮೇಲೆ ಕುಂದಾಪುರ. ಯಾಕೆ ಅಂತ ಈಗ ಹೇಳ್ತೀನಿ.

ಪ್ರಯಾಣದಿಂದ ಶುರು ಮಾಡ್ತೀನಿ, ಯಾಕಂದ್ರೆ ಅರ್ಧ ರಜ ಹಾಳಾಗೋದು ಅಥವಾ ಉಳಿಯೋದು ಅಲ್ಲೇ. ಮೈಸೂರಿಗೆ ಕಾರು, ಬಸ್ಸು, ರೈಲು ಮೂರೂ ಮಾಡಿದೀವಿ. 2023ರ ಮಾರ್ಚಲ್ಲಿ ಎಕ್ಸ್‌ಪ್ರೆಸ್‌ವೇ ಓಪನ್ ಆದ್ಮೇಲೆ ಎಲ್ಲರೂ ಕಾರು ಕಾರು ಅಂತಾರೆ, ಬೇಗ ಹೋಗುತ್ತೆ ನಿಜ, ಆದ್ರೆ ಆ ರಸ್ತೆ ರಾಮನಗರ ಚನ್ನಪಟ್ಟಣ ಮದ್ದೂರು ಮಂಡ್ಯ ಎಲ್ಲಾ ಊರನ್ನೂ ಬಿಟ್ಟು ಹೊರಗಿಂದ ಹೋಗುತ್ತೆ. ಹಳೇ ರಸ್ತೆಲಿ ಮಗು ಅತ್ತ ತಕ್ಷಣ ಒಂದು ಹೋಟೆಲ್ ಹತ್ರ ನಿಲ್ಲಿಸಿ, ಬಟ್ಟೆ ಬದಲಾಯಿಸಿ, ಚನ್ನಪಟ್ಟಣದಲ್ಲಿ ಒಂದು ಮರದ ಗಿಲಕಿ ಕೊಡಿಸಿ ಸಮಾಧಾನ ಮಾಡಿ ಹೋಗ್ಬಹುದಿತ್ತು, ಈಗ ಬೇಕಾದಾಗ ನಿಲ್ಲಿಸೋಕೆ ಜಾಗ ಸಿಗಲ್ಲ. ಎದೆಹಾಲು ಕುಡಿಯೋ ಕೂಸು ಜೊತೆಗಿದ್ರೆ ಇದು ದೊಡ್ಡ ವಿಷಯ. ಹಾಗಾಗಿ ನಮ್ಮ ಆಯ್ಕೆ ರೈಲು. ಎರಡು ಎರಡೂವರೆ ಗಂಟೆ, ಮಗು ಎತ್ಕೊಂಡು ಓಡಾಡ್ಬಹುದು, ಮದ್ದೂರು ವಡೆ ಮಾರೋರು ಬರ್ತಾರೆ, ಎದುರು ಸೀಟಿನ ಅಜ್ಜಿ ಯಾರಾದ್ರೂ ಒಂದೈದು ನಿಮಿಷ ಆಡಿಸ್ತಾರೆ.

ಸಾಗರಕ್ಕಂತೂ ರೈಲು ಬಿಟ್ಟು ಬೇರೆ ಯೋಚನೇನೇ ಬೇಡ. ಮೈಸೂರಿಂದ ಹೊರಟು ಬೆಂಗಳೂರು ಮೇಲೆ ತಾಳಗುಪ್ಪಕ್ಕೆ ಹೋಗೋ ರಾತ್ರಿ ರೈಲಿದೆ, ಬೆಳಕು ಹರಿಯೋ ಹೊತ್ತಿಗೆ ಸಾಗರ ಜಂಬಗಾರು ಸ್ಟೇಷನ್ನಲ್ಲಿ ಇಳಿಯೋದು, ರಾತ್ರಿಯೆಲ್ಲ ಮಕ್ಕಳು ತೊಟ್ಟಿಲಲ್ಲಿ ಮಲಗಿದ ಹಾಗೆ ಮಲಗಿರ್ತಾರೆ. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಆದ್ರೆ ಬರ್ತೂ ಇಲ್ಲ, ಐದು ತುಂಬಿದ ಮೇಲೆ ಬರ್ತ್ ಬೇಕಂದ್ರೆ ಪೂರ್ತಿ ಚಾರ್ಜು. ಹಾಗಾಗಿ ಚಿಕ್ಕೋರು ಇದ್ದಾಗ ಲೋವರ್ ಬರ್ತ್ ಸಿಗೋದೇ ಮುಖ್ಯ, ಗೋಡೆ ಕಡೆ ಮಗು, ಹೊರಗಡೆ ನಾವು. ಬಸ್ಸಲ್ಲಿ ಸ್ಲೀಪರ್ ಇದೆ ಅಂತ ಹೇಳ್ತಾರೆ, ಒಂದ್ಸಲ ಹೋದ್ವಿ, ಮಧ್ಯರಾತ್ರಿ ಹಂಪ್ ಬಂದಾಗೆಲ್ಲ ಮಗು ಎದ್ದು ಕೂರೋಳು, ಅದೂ ಅಲ್ದೆ ಮಗು ಬಾತ್‌ರೂಮ್ ಅಂದ್ರೆ ಬಸ್ ನಿಲ್ಲಿಸಿ ಅಂತ ಡ್ರೈವರನ್ನ ಬೇಡ್ಕೋಬೇಕು.

ಕುಂದಾಪುರಕ್ಕೂ ರಾತ್ರಿ ರೈಲಿದೆ, ಕಾರವಾರಕ್ಕೆ ಹೋಗೋದು, ಸಕಲೇಶಪುರ ಸುಬ್ರಹ್ಮಣ್ಯ ಮಧ್ಯೆ ಘಟ್ಟ ಇಳಿದು ಹೋಗುತ್ತೆ. ಆ ಘಟ್ಟದಲ್ಲಿ 57 ಸುರಂಗ ಇದೆ, ರಾತ್ರಿ ರೈಲಲ್ಲಿ ಅದೇನೂ ಗೊತ್ತಾಗಲ್ಲ, ದೊಡ್ಡ ಮಕ್ಕಳಿದ್ರೆ ಹಗಲು ರೈಲಲ್ಲೇ ಮಂಗಳೂರುವರೆಗೆ ಹೋಗಿ, ಸುರಂಗ ಬಂದಾಗಲೆಲ್ಲ ಕೂಗೋ ಖುಷೀನೇ ಬೇರೆ. ರಸ್ತೆಲಿ ಹೋಗೋದಾದ್ರೆ ಶಿರಾಡಿ ಆಗ್ಲಿ ಹುಲಿಕಲ್ ಆಗ್ಲಿ ತಿರುವುಗಳಲ್ಲಿ ಮಕ್ಕಳಿಗೆ ವಾಂತಿ ಗ್ಯಾರಂಟಿ. ನಮ್ಮ ಪುಟ್ಟಿಗೆ ಹೊಟ್ಟೆ ಖಾಲಿ ಇದ್ರೂ ವಾಂತಿ ತುಂಬಿದ್ರೂ ವಾಂತಿ. ಹಾಗಾಗಿ ಪ್ರಯಾಣದಲ್ಲಿ ಮೊದಲನೇ ನಂಬರ್ ಸಾಗರದ ರೈಲಿಗೆ, ಎರಡನೇದು ಮೈಸೂರು, ಕುಂದಾಪುರ ಮೂರನೇದು.

ಈಗ ಮೈಸೂರು. ಮಗಳಿಗೆ ಎಂಟು ತಿಂಗಳಿದ್ದಾಗ ಬೇಸಿಗೆ ಪೂರ್ತಿ ಅಲ್ಲಿದ್ವಿ. ಕೂಸಿಗೆ ಮೈಸೂರು ಯಾಕೆ ಒಳ್ಳೇದು ಅಂದ್ರೆ, ಹಗಲು ಬಿಸಿಲಿದ್ರೂ ಸಂಜೆ ಆಯ್ತು ಅಂದ್ರೆ ಗಾಳಿ ಬರುತ್ತೆ, ಬೆವರು ಕಮ್ಮಿ, ರಾತ್ರಿ ಮಗು ನಿದ್ದೆ ಮಾಡುತ್ತೆ. ಡಾಕ್ಟರು ಹತ್ತು ನಿಮಿಷದ ದಾರಿ. ಕುದಿಸಿ ಆರಿಸಿದ ನೀರು, ಮಿಕ್ಸಿ, ಫ್ರಿಜ್ಜು, ಕರೆಂಟು ಎಲ್ಲಾ ನಮ್ಮನೆ ಥರಾನೇ. ಅಮ್ಮ ರಾಗಿ ನೆನೆಸಿ ಮೊಳಕೆ ಬರಿಸಿ ಒಣಗಿಸಿ ಪುಡಿ ಮಾಡಿ ಬಟ್ಟೇಲಿ ಜರಡಿ ಹಿಡಿದು ಮಣ್ಣಿ ಕಾಯಿಸಿ ಕೊಡೋರು, ನನಗೆ ಬೆಂಗಳೂರಲ್ಲಿ ಅಷ್ಟು ಪುರುಸೊತ್ತು ಎಲ್ಲಿಂದ ಬರ್ಬೇಕು. ಮೊದಲ ಊಟಗಳನ್ನ ಕಲಿಯೋ ಮಗುಗೆ ಇಂಥ ಅಜ್ಜಿ ಪಕ್ಕದಲ್ಲಿರ್ಬೇಕು.

ಮಗಳ ಮುಡಿ ಕೊಟ್ಟಿದ್ದೂ ಅಲ್ಲಿಂದಾನೇ. ನಮ್ಮ ಕಡೆ ನಂಜನಗೂಡಿಗೆ ನಡ್ಕೊಳ್ತೀವಿ, ಮೈಸೂರಿಂದ 23 ಕಿಲೋಮೀಟರು, ಬೆಳಿಗ್ಗೆ ಬೇಗ ಹೋಗಿ ಕಪಿಲಾ ನದಿ ಸ್ನಾನಘಟ್ಟದಲ್ಲಿ ಮುಡಿ ತೆಗೆಸಿ ಸ್ನಾನ ಮಾಡಿಸಿ ದರ್ಶನ ಮುಗಿಸಿ ತಿಂಡಿ ಹೊತ್ತಿಗೆಲ್ಲ ವಾಪಸ್ ಬರ್ಬಹುದು. ಸೋದರಮಾವನ ತೊಡೆ ಮೇಲೆ ಕೂರಿಸ್ಕೊಂಡು ತೆಗೆಸ್ಬೇಕಲ್ಲ, ನನ್ನ ತಮ್ಮ ಮೈಸೂರಲ್ಲೇ ಇರೋದ್ರಿಂದ ಎಲ್ಲಾ ಕೂಡಿಬಂತು. ಪುಟ್ಟಿ ಅತ್ತಿದ್ದಕ್ಕಿಂತ ಅವನ ಕಣ್ಣಲ್ಲೇ ಜಾಸ್ತಿ ನೀರು. ಒಂದು ಮಾತು, ಮಾರ್ಚ್ ಏಪ್ರಿಲಲ್ಲಿ ಅಲ್ಲಿ ದೊಡ್ಡ ಜಾತ್ರೆ, ಪಂಚ ಮಹಾರಥೋತ್ಸವ, ಆ ಸುತ್ತಮುತ್ತ ಕೂಸನ್ನ ಕರ್ಕೊಂಡು ಹೋಗ್ಬೇಡಿ, ಕಾಲಿಡೋಕೆ ಜಾಗ ಇರಲ್ಲ. ತೇರಿನ ದಿನ ಯಾವತ್ತು ಅಂತ ಪಂಚಾಂಗ ನೋಡ್ಕೊಂಡು ಅದು ಮುಗಿದ ಮೇಲೆ ಹೋಗಿ.

ಝೂ ಬಗ್ಗೆ ಎಲ್ಲರೂ ಕೇಳ್ತಾರೆ. 1892ರಲ್ಲಿ ಶುರುವಾದ ಝೂ, ಮರಗಳೆಲ್ಲ ದೊಡ್ಡದು, ಬೇಸಿಗೆಲೂ ನೆರಳಿದೆ, ಆದ್ರೂ ಒಂದೂವರೆ ವರ್ಷಕ್ಕಿಂತ ಚಿಕ್ಕ ಮಗುಗೆ ಅದು ಸುಸ್ತು ಅಷ್ಟೇ. ನಮ್ಮ ಕೂಸು ಜಿರಾಫೆ ನೋಡ್ಲಿಲ್ಲ, ಪಕ್ಕದಲ್ಲಿ ಐಸ್‌ಕ್ರೀಮ್ ತಿಂತಿದ್ದ ಹುಡುಗನ್ನ ನೋಡ್ತಿತ್ತು. ಅದೇ ಮಗಳು ಮೂರೂವರೆಗೆ ಹೋದಾಗ ಜರ್ಮನಿಯಿಂದ 2021ರಲ್ಲಿ ಬಂದ ಗೊರಿಲ್ಲಾ ಮುಂದೆ ಅರ್ಧ ಗಂಟೆ ನಿಂತಿದ್ಲು, ಎಳೆದ್ರೂ ಬರ್ಲಿಲ್ಲ. ಬೆಳಿಗ್ಗೆ ಎಂಟೂವರೆಗೆ ಗೇಟು ತೆಗೀತಾರೆ, ಆಗ್ಲೇ ಒಳಗೆ ಹೋಗ್ಬಿಡಿ, ಹನ್ನೊಂದಕ್ಕೆ ಹೊರಗೆ ಬನ್ನಿ, ಮಂಗಳವಾರ ರಜ, ಕಾಲು ನೋವು ಬಂದ್ರೆ ಬ್ಯಾಟರಿ ಗಾಡಿ ಇದೆ. ಕೂಸುಗಳಿಗೆ ಝೂಗಿಂತ ಕಾರಂಜಿ ಕೆರೆ ಎಷ್ಟೋ ವಾಸಿ, ಪಕ್ಕದಲ್ಲೇ ಇದೆ, ನೀರು, ಹಕ್ಕಿ, ಗದ್ದಲ ಕಮ್ಮಿ. ಇನ್ನ ಭಾನುವಾರ ಸಂಜೆ ಏಳಕ್ಕೆ ಅರಮನೆ ಲೈಟ್ ಹಾಕ್ತಾರಲ್ಲ, ದುಡ್ಡು ಖರ್ಚಿಲ್ಲದೆ ಎಂಟು ತಿಂಗಳ ಮಗುಗೂ ಐದು ವರ್ಷದ ಮಗುಗೂ ಒಟ್ಟಿಗೆ ಖುಷಿ ಕೊಡೋದು ಅಂದ್ರೆ ಅದೊಂದೇ. ಲೈಟ್ ಎಲ್ಲಾ ಒಂದೇ ಸಲ ಹತ್ತಿದಾಗ ನಮ್ಮ ಮಗಳು ಜೀವನದಲ್ಲಿ ಮೊದಲನೇ ಸಲ ತಾನಾಗೇ ಚಪ್ಪಾಳೆ ತಟ್ಟಿದ್ಲು, ಅಪ್ಪ ಅದನ್ನ ಇವತ್ತಿಗೂ ಬಂದೋರಿಗೆಲ್ಲ ಹೇಳ್ತಾರೆ.

ಹಾಗಿದ್ರೆ ಮೈಸೂರೇ ಸಾಕಲ್ಲ ಅನ್ನಿಸ್ಬಹುದು. ಸಾಕಾಗಲ್ಲ, ಮಗು ನಡೆಯೋಕೆ ಶುರು ಮಾಡಿದ ಮೇಲೆ. ಅಪ್ಪ ಅಮ್ಮ ಇಬ್ಬರೇ ಇರೋದು, ಇಬ್ಬರಿಗೂ ಮಂಡಿ ನೋವು, ಮನೆ ಮುಂದೆ ರಸ್ತೆ, ಗೇಟು ತೆಗೆದ್ರೆ ಸ್ಕೂಟರು. ಮಗು ಹಿಂದೆ ನಾನೇ ಓಡ್ಬೇಕು, ಅಮ್ಮ ಅಡಿಗೆಮನೆಯಿಂದ ಹೊರಗೆ ಬರಲ್ಲ, ಯಾಕಂದ್ರೆ ಮಗಳು ಮೊಮ್ಮಕ್ಕಳು ಬಂದಿದಾರೆ ಅಂತ ಮೂರು ಹೊತ್ತೂ ಹೊಸ ಅಡಿಗೆ. ಎರಡು ವಾರ ಆಗೋಷ್ಟರಲ್ಲಿ ಅಮ್ಮನ ಮುಖ ನೋಡಿದ್ರೆ ನನಗೇ ಸಂಕಟ ಆಗುತ್ತೆ. ಪಕ್ಕದ ಮನೆ ಮಕ್ಕಳೆಲ್ಲ ಸಮ್ಮರ್ ಕ್ಯಾಂಪಿಗೆ ಹೋಗಿರ್ತಾರೆ, ಆಡೋಕೆ ಜೊತೆ ಇಲ್ಲ. ಮಧ್ಯಾಹ್ನ ಆಯ್ತು ಅಂದ್ರೆ ಟಿವಿ.

ಸಾಗರದ ವಿಷಯ ಬರೀತಾ ಕೂತ್ರೆ ನನಗೆ ನಿಲ್ಲಿಸೋಕಾಗಲ್ಲ, ಅತ್ತೆ ಮನೆ ಅಂತ ಹೇಳ್ತಿಲ್ಲ, ನಿಜವಾಗ್ಲೂ. ಸೊಸೆಯಾಗಿ ಅಲ್ಲಿ ಕೆಲಸ ಜಾಸ್ತಿ ಇರುತ್ತೆ, ರಜ ಎಲ್ಲಿಂದ ಅಂತ ಗೆಳತಿಯರು ಹೇಳಿದ್ರು. ಆದ್ರೆ ಅಡಿಕೆ ಕೊಯ್ಲೆಲ್ಲ ಮಳೆಗಾಲ ಮುಗಿದ ಮೇಲೆ ಶುರುವಾಗಿ ಚಳಿಗಾಲದ ಕೊನೆಗೆ ಮುಗಿದಿರುತ್ತೆ, ಬೇಯಿಸೋದು ಒಣಗಿಸೋದು ಎಲ್ಲಾ ಆಗಿರುತ್ತೆ, ಗದ್ದೆ ಕೆಲಸ ಮಳೆ ಬಿದ್ದ ಮೇಲೇನೇ, ಹಾಗಾಗಿ ಏಪ್ರಿಲ್ ಮೇ ಅಂದ್ರೆ ಆ ಮನೆಯವರಿಗೆ ವರ್ಷದಲ್ಲೇ ಸ್ವಲ್ಪ ಉಸಿರು ಬಿಡೋ ಕಾಲ. ಮಾವನೋರಿಗೆ ಪುರುಸೊತ್ತು, ಅತ್ತೆಗೆ ಪುರುಸೊತ್ತು, ಮೈದುನನ ಮಕ್ಕಳು ಇಬ್ಬರು ಮನೇಲೇ ಇರ್ತಾರೆ, ಪಕ್ಕದ ಮನೆಯೋರೂ ನೆಂಟರೇ. ಬೆಳಿಗ್ಗೆ ಮಗು ಎದ್ದು ಜಗುಲಿಗೆ ಹೋಯ್ತು ಅಂದ್ರೆ ಯಾರೋ ಮುಖ ತೊಳೆಸಿರ್ತಾರೆ, ಯಾರೋ ದೋಸೆ ತಿನ್ನಿಸಿರ್ತಾರೆ, ನಾನು ಹುಡುಕ್ಕೊಂಡು ಹೋಗೋ ಹೊತ್ತಿಗೆ ಕೊಟ್ಟಿಗೇಲಿ ಕರು ಹತ್ರ ನಿಂತಿರ್ತಾಳೆ.

ಪುಟ್ಟಿ ಹೆಜ್ಜೆ ಇಟ್ಟಿದ್ದು ಸಾಗರದ ಅಂಗಳದಲ್ಲಿ. ಬೆಂಗಳೂರಲ್ಲಿ ನಮ್ಮ ಫ್ಲ್ಯಾಟಿನ ಟೈಲ್ಸ್ ಮೇಲೆ ತಿಂಗಳಿಂದ ಎದ್ದು ನಿಂತು ಜಾರಿ ಕೂತು ಎದ್ದು ನಿಂತು ಮಾಡ್ತಿದ್ದೋಳು, ಇಲ್ಲಿ ಸಗಣಿ ಸಾರಿಸಿದ ಮಣ್ಣು ನೆಲ, ಬರಿಗಾಲು, ಹಿಡಿತ ಸಿಗ್ತು, ಬಿದ್ರೂ ನೋವಾಗಲ್ಲ, ಬಂದು ಒಂದು ವಾರದೊಳಗೆ ಅಜ್ಜನ ಕೈ ಬಿಟ್ಟು ನಡೆದ್ಲು. ಆಮೇಲೆ ನಡುಮನೆ ಹೊಸಲು. ಹಳೇ ಮನೆ ಹೊಸಲು ಅಂದ್ರೆ ಗೊತ್ತಲ್ಲ, ಮಗು ಮೊಣಕಾಲಿಗೆ ಬರೋ ಎತ್ತರ. ಅದನ್ನ ಹಿಡ್ಕೊಂಡು ಒಂದು ಕಾಲು ಈಚೆ ಹಾಕಿದ ದಿನ ಅತ್ತೆ ಎಲ್ಲಾ ಕೆಲಸ ಬಿಟ್ಟು ಹೊಸಲಿಗೆ ಅರಿಶಿನ ಕುಂಕುಮ ಇಟ್ಟು ಕಾಯಿ ಒಡೆದು ಪಾಯಸ ಮಾಡಿದ್ರು. ಈ ವರ್ಷ ಅದೇ ಹೊಸಲನ್ನ ತಮ್ಮ ದಾಟಿದ, ಪುಟ್ಟಿ ಆಚೆ ಕಡೆ ಕೂತ್ಕೊಂಡು "ಬಾ ಬಾ, ಕಾಲೆತ್ತು" ಅಂತ ಕರೀತಿದ್ಲು. ಇದೆಲ್ಲ ಬೆಂಗಳೂರಲ್ಲೂ ಮಾಡ್ಬಹುದು, ಆದ್ರೆ ನಮ್ಮ ಫ್ಲ್ಯಾಟಲ್ಲಿ ಹೊಸಲೇ ಇಲ್ಲ.

ಎರಡರಿಂದ ಮೂರೂವರೆ ವರ್ಷದ ಮಕ್ಕಳಿಗೆ ಅಲ್ಲಿ ಮಾಡೋಕೆ ಎಷ್ಟು ಕೆಲಸ ಇದೆ ಅಂದ್ರೆ ಆಟದ ಸಾಮಾನು ಬ್ಯಾಗಿಂದ ತೆಗೆಯೋದೇ ಇಲ್ಲ. ಹಲಸಿನಕಾಯಿ ಹಪ್ಪಳ ಮಾಡೋ ಕಾಲ ಅದು. ಬೇಯಿಸಿ ಅರೆದ ಹಿಟ್ಟನ್ನ ಉಂಡೆ ಮಾಡಿ ತಟ್ಟಿ ಚಾಪೆ ಮೇಲೆ ಒಣಗಿಸ್ತಾರೆ, ಮಕ್ಕಳ ಕೆಲಸ ಕಾಗೆ ಓಡಿಸೋದು ಮತ್ತೆ ಯಾರೂ ನೋಡ್ದೇ ಇದ್ದಾಗ ಅರೆ ಒಣಗಿದ ಹಪ್ಪಳ ಕಿತ್ತು ತಿನ್ನೋದು. ಅಪ್ಪೆಮಿಡಿ ಬರುತ್ತೆ, ತೊಟ್ಟು ಮುರಿಯದ ಹಾಗೆ ಆರಿಸಿ ಉಪ್ಪಲ್ಲಿ ಹಾಕೋದು, ಮಕ್ಕಳಿಗೆ ಎಣಿಸೋಕೆ ಕೊಡ್ತಾರೆ, ಪುಟ್ಟಿ ಹತ್ತರವರೆಗೆ ಎಣಿಸೋಕೆ ಕಲ್ತಿದ್ದು ಮಾವಿನ ಮಿಡಿ ಎಣಿಸಿ. ಬೆಳಿಗ್ಗೆ ಗಂಜಿ ಉಪ್ಪಿನಕಾಯಿ, ಮಧ್ಯಾಹ್ನ ತಂಬುಳಿ ಅನ್ನ, ಸಂಜೆ ಹಲಸಿನ ಹಣ್ಣಿನ ಕಡುಬು. ಬೆಂಗಳೂರಲ್ಲಿ ಒಂದು ತುತ್ತಿಗೆ ಒಂದು ಮೊಬೈಲ್ ವಿಡಿಯೋ ಕೇಳ್ತಿದ್ದ ಮಗು ಅಲ್ಲಿ ಅಣ್ಣ ಅಕ್ಕನ ಪಂಕ್ತೀಲಿ ಕೂತು ತಾನೇ ಕಲಸ್ಕೊಂಡು ತಿಂದ್ಲು.

ಇನ್ನೊಂದು ವಿಷಯ ಹೇಳ್ಲೇಬೇಕು. ನಮ್ಮತ್ತೆ ಹಸೆ ಚಿತ್ತಾರ ಬರೀತಾರೆ. ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಂದ ಹಳದಿ, ಪುಂಡಿ ನಾರಿನ ಕುಂಚ. ಪುಟ್ಟಿಗೆ ಮೂರು ವರ್ಷ ಆದಾಗ ಒಂದು ಸಣ್ಣ ಕುಂಚ ಕಟ್ಟಿಕೊಟ್ಟು ಹಿತ್ತಲ ಗೋಡೆಯ ಕೆಳಗಡೆ ಒಂದು ಮೂಲೆ ಬಿಟ್ಟುಕೊಟ್ರು, ನಿನ್ನ ಗೋಡೆ ಇದು, ಏನ್ ಬೇಕಾದ್ರೂ ಬರ್ಕೋ ಅಂತ. ಮೊದಲ ದಿನ ಬರೀ ಕೆಸರು ಬಳಿದ ಹಾಗಿತ್ತು. ಹೊರಡೋ ಹೊತ್ತಿಗೆ ಒಂದು ಗೆರೆ, ಅಡ್ಡ ಒಂದು ಗೆರೆ, ಮಧ್ಯೆ ಚುಕ್ಕಿ. ಪೆನ್ಸಿಲ್ ಹಿಡಿಯೋಕೆ ಸ್ಕೂಲಲ್ಲಿ ಯಾರೂ ಹೇಳ್ಕೊಡೋ ಮುಂಚೆ ಅವಳ ಬೆರಳು ಕುಂಚ ಹಿಡಿದಿತ್ತು, ಈಗ ಅವಳ ಕೈಬರಹ ನೋಡಿದಾಗ ನನಗೆ ಅದೇ ಕಾರಣ ಅನ್ಸುತ್ತೆ.

ಅಲ್ಲಿಂದ ಸುತ್ತಾಟಕ್ಕೆ ಎಲ್ಲಿ ಹೋಗೋದು ಅಂದ್ರೆ, ಬೇಸಿಗೆಲಿ ಜೋಗ ಬೇಡ. 253 ಮೀಟರ್ ಎತ್ತರದ ಬಂಡೆ ಇರುತ್ತೆ, ನೀರು ಎಳೆ ಎಳೆಯಾಗಿ, ಲಿಂಗನಮಕ್ಕಿ ಡ್ಯಾಮಲ್ಲಿ ನೀರೆಲ್ಲ ಹಿಡಿದಿಟ್ಟಿರ್ತಾರೆ, ಚಿಕ್ಕ ಮಕ್ಕಳಿಗೆ ನೋಡೋಕೆ ಏನೂ ಇಲ್ಲ. ಅದರ ಬದಲು ಸಂಜೆ ಇಕ್ಕೇರಿ ಅಘೋರೇಶ್ವರ ದೇವಸ್ಥಾನಕ್ಕೆ ಹೋಗಿ, ಕೆಳದಿ ಅರಸರು ಕಟ್ಟಿಸಿದ್ದು, ಸುತ್ತ ದೊಡ್ಡ ಹುಲ್ಲು ಬಯಲು, ಎದುರಿಗೆ ದೊಡ್ಡ ನಂದಿ, ಮಕ್ಕಳು ಕಂಬದಿಂದ ಕಂಬಕ್ಕೆ ಓಡಾಡ್ತಾ ಇರ್ತಾರೆ. ಶಿವಮೊಗ್ಗ ಕಡೆ ಹೋದಾಗ ಸಕ್ರೆಬೈಲು ಆನೆ ಬಿಡಾರ, ಬೆಳಿಗ್ಗೆ ಆನೆಗಳಿಗೆ ತುಂಗಾ ಹಿನ್ನೀರಲ್ಲಿ ಸ್ನಾನ ಮಾಡಿಸ್ತಾರೆ. ಮೈಸೂರು ಝೂನಲ್ಲಿ ನೋಡಿದ ಆನೆಗಿಂತ ಇಲ್ಲಿ ನೀರಲ್ಲಿ ಮಲಗಿ ಸೊಂಡಿಲು ಎತ್ತೋ ಮರಿಯಾನೆ ಪುಟ್ಟಿ ಮನಸ್ಸಲ್ಲಿ ಉಳೀತು, ಮೂರು ವರ್ಷದವರಿಗೆ ಎರಡರಲ್ಲಿ ಒಂದು ಅಂದ್ರೆ ನಾನು ಸಕ್ರೆಬೈಲೇ ಹೇಳೋದು.

ಆದ್ರೆ ಸಾಗರದಲ್ಲಿ ಎಚ್ಚರ ಬೇಕಾಗಿರೋದೂ ಜಾಸ್ತಿ, ಅದನ್ನ ಮುಚ್ಚಿಡಲ್ಲ. ಮೊದಲನೇದು ಮಂಗನ ಕಾಯಿಲೆ. ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಮೊದಲು ಕಂಡಿದ್ದು, ಉಣುಗು ಕಚ್ಚಿ ಬರೋದು, ಚಳಿಗಾಲದಿಂದ ಮಳೆ ಬರೋವರೆಗೂ ಅದರ ಕಾಲ, ಅಂದ್ರೆ ನಾವು ಹೋಗೋ ಹೊತ್ತೇ. ಕಾಡಂಚಿಗೆ ಮಕ್ಕಳನ್ನ ಬಿಡೋದೇ ಇಲ್ಲ, ಸೊಪ್ಪು ದರಗು ತರೋ ಜಾಗದಲ್ಲಿ ಆಡೋಕೆ ಬಿಡಲ್ಲ, ಎಲ್ಲಾದ್ರೂ ಮಂಗ ಸತ್ತಿದೆ ಅಂತ ಸುದ್ದಿ ಬಂದ್ರೆ ಆ ದಿಕ್ಕಿಗೇ ಹೋಗಲ್ಲ, ಸಂಜೆ ಸ್ನಾನ ಮಾಡಿಸುವಾಗ ಕಿವಿ ಹಿಂದೆ, ಕಂಕುಳು, ತೊಡೆ ಸಂದಿ ಎಲ್ಲಾ ನೋಡೋದು. ಅಲ್ಲಿ ಹೋಗಿ ಬಂದ ಮೇಲೆ ಜ್ವರ ಬಂದ್ರೆ ಡಾಕ್ಟರಿಗೆ ಮೊದಲು ಹೇಳ್ಬೇಕಾಗಿರೋದು ಆ ಊರಿಗೆ ಹೋಗಿದ್ವಿ ಅಂತ. ಎರಡನೇದು ಆಸ್ಪತ್ರೆ ದೂರ. ರಾತ್ರಿ ಮಗುಗೆ ಜ್ವರ ಅಂದ್ರೆ ಗಾಡಿ ತೆಗೆದು ಸಾಗರ ಪೇಟೆಗೆ ಬರ್ಬೇಕು, ಕತ್ತಲೆ ತಿರುವು. ಈ ಎರಡು ಕಾರಣಕ್ಕೇ ವರ್ಷದೊಳಗಿನ ಕೂಸನ್ನ ಅಲ್ಲಿಗೆ ತಿಂಗಳುಗಟ್ಟಲೆ ಕರ್ಕೊಂಡು ಹೋಗ್ಬೇಡಿ ಅಂತ ನಾನು ಹೇಳೋದು. ಮತ್ತೆ ಮೇ ಎರಡನೇ ವಾರದಿಂದ ಸಂಜೆ ಗುಡುಗು ಮಳೆ, ಕರೆಂಟು ಹೋದ್ರೆ ಮಾರನೇ ದಿನಾನೇ, ಫೋನಿಗೆ ಸಿಗ್ನಲ್ ಬೇಕಂದ್ರೆ ಗುಡ್ಡ ಹತ್ಬೇಕು, ವರ್ಕ್ ಫ್ರಮ್ ಹೋಮ್ ಇಟ್ಕೊಂಡಿರೋರಿಗೆ ಕಷ್ಟ.

ಕುಂದಾಪುರಕ್ಕೆ ಬರ್ತೀನಿ. ಮಗಳಿಗೆ ಎರಡು ವರ್ಷ ತುಂಬೋ ಮೊದಲು ಒಂದು ಮೇ ತಿಂಗಳು ಹೋಗಿದ್ವಿ, ಸೆಖೆ ಅಂದ್ರೆ ಸೆಖೆ, ರಾತ್ರಿ ಹನ್ನೆರಡಕ್ಕೂ ದಿಂಬು ಒದ್ದೆ, ಮಗು ಕತ್ತು ಬೆನ್ನೆಲ್ಲ ಬೆವರುಸಾಲೆ ಎದ್ದು ಕೆಂಪಗಾಗಿ ಇಡೀ ರಾತ್ರಿ ಕೆರ್ಕೊಂಡು ಅಳೋದು. ಅಕ್ಕ ದಿನಕ್ಕೆ ಮೂರು ಸಲ ತಣ್ಣೀರು ಸ್ನಾನ ಮಾಡಿಸಿ ತೆಳು ಹತ್ತಿ ಜುಬ್ಬಾ ಹಾಕಿ ನೋಡ್ಕೊಂಡ್ಲು, ಆದ್ರೂ ಆ ವಯಸ್ಸಿಗೆ ಆ ಹವೆ ಆಗಲ್ಲ. ಅದೇ ಊರು ನಾಲ್ಕು ದಾಟಿದ ಮೇಲೆ ಹೋದಾಗ ಬೇರೇನೇ ಆಗಿತ್ತು. ಸೆಖೆ ಅವಳಿಗೆ ಲೆಕ್ಕಕ್ಕೇ ಇಲ್ಲ, ಬೆಳಿಗ್ಗೆ ಆರಕ್ಕೆ ಎದ್ದು "ಸಮುದ್ರ ಹೋಗೋಣ" ಅಂತ ಬಾಗಿಲಲ್ಲಿ ನಿಂತಿರೋಳು.

ಸಮುದ್ರದ ಬಗ್ಗೆ ಒಂದು ಮಾತು. ಒಂದು ಕಡೆ ಸೌಪರ್ಣಿಕಾ ಹೊಳೆ ಒಂದು ಕಡೆ ಅರಬ್ಬೀ ಸಮುದ್ರ ಮಧ್ಯೆ ಹೈವೇ ಅಂತ ಮರವಂತೆಗೆ ಎಲ್ಲರೂ ಹೋಗ್ತಾರೆ, ನೋಡೋಕೆ ಚೆಂದ, ಖಂಡಿತ ಹೋಗಿ, ಆದ್ರೆ ಮಕ್ಕಳನ್ನ ನೀರಿಗಿಳಿಸ್ಬೇಡಿ, ಅಲೆ ಜೋರು, ಎಳೆತ ಜಾಸ್ತಿ. ಆಡೋಕೆ ನಾವು ಸಂಜೆ ಕೋಡಿ ಬೀಚಿಗೆ ಹೋಗ್ತಿದ್ವಿ, ಅಲ್ಲೂ ಪಾದ ಮುಳುಗುವಷ್ಟೇ, ಅದೂ ಕೈ ಹಿಡ್ಕೊಂಡು. ಮಲ್ಪೆವರೆಗೆ ಹೋದ್ರೆ ಜನ ಜಾಸ್ತಿ, ಆಟ ಜಾಸ್ತಿ, ತಿನ್ನೋದು ಜಾಸ್ತಿ, ಅಲ್ಲಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟಿದೆ, ಕಂಬ ಕಂಬವಾಗಿ ನಿಂತಿರೋ ಕಲ್ಲು ನೋಡ್ಬಹುದು, ಮಳೆಗಾಲ ಹತ್ರ ಬಂದ ಹಾಗೆ ಬೋಟ್ ನಿಲ್ಲಿಸ್ತಾರೆ, ಹಾಗಾಗಿ ಹೋಗೋದಾದ್ರೆ ಏಪ್ರಿಲಲ್ಲೇ ಹೋಗಿ.

ಮೀನಿನ ವಿಷಯದಲ್ಲಿ ಅಕ್ಕನ ಅತ್ತೆ ಒಳ್ಳೇದು ಹೇಳ್ಕೊಟ್ರು, "ಹ್ವಾಯ್, ಮಗಿಗೆ ಬಂಗ್ಡಿ ಕೊಡ್ಬೇಡಿ, ಮುಳ್ಳ್ ಇತ್ತ್, ಕಾಣೆ ಕೊಡಿ." ಕಾಣೆ ಮೀನಿಗೆ ಮಧ್ಯದ ಮುಳ್ಳು ತೆಗೆದ್ರೆ ಆಯ್ತು, ಮಕ್ಕಳಿಗೆ ಸುಲಭ. ಜೂನ್ ಒಂದರಿಂದ ಜುಲೈ ಕೊನೆವರೆಗೆ ಯಾಂತ್ರಿಕ ಬೋಟುಗಳು ಸಮುದ್ರಕ್ಕೆ ಇಳಿಯೋ ಹಾಗಿಲ್ಲ, ಮೇ ಒಳಗೆ ಹೋದ್ರೆ ಒಳ್ಳೇ ಮೀನು. ನೀರ್ದೋಸೆ ಕೋಳಿ ಸಾರಿನ ವಿಷಯ ನಾನು ಹೇಳೋದೇ ಬೇಡ.

ಕುಂದಾಪುರಕ್ಕೆ ಪೂರ್ತಿ ಮಾರ್ಕು ಕೊಡೋದು ಯಕ್ಷಗಾನಕ್ಕೆ. ಮೇ ಕೊನೆಯ ಪತ್ತನಾಜೆವರೆಗೂ, ಅಂದ್ರೆ ಆ ವರ್ಷದ ಆಟ ಮುಗಿಸೋ ದಿನದವರೆಗೂ, ಮೇಳಗಳ ತಿರುಗಾಟ ಇರುತ್ತೆ, ಸುತ್ತಮುತ್ತ ದಿನಾ ರಾತ್ರಿ ಎಲ್ಲಾದ್ರೂ ಒಂದು ಬಯಲಾಟ. ಅಕ್ಕನ ಮಗನಿಗೆ ಹತ್ತು ವರ್ಷ, ಅದರ ಹುಚ್ಚು ಜೋರು, ಅವನು ಚಾಪೆ ಹಿಡ್ಕೊಂಡು ಮುಂದೆ ಹೋದ, ಇವಳು ಹಿಂದೆ. ಚೆಂಡೆ ಬಡಿತಕ್ಕೆ ರಾಕ್ಷಸ ವೇಷ ಬಂದಾಗ ನನ್ನ ಸೆರಗಲ್ಲಿ ಮುಖ ಮುಚ್ಕೊಂಡ್ಲು. ಅಣ್ಣ ಕೈ ಹಿಡ್ಕೊಂಡು ಚೌಕಿಗೆ, ಅಂದ್ರೆ ವೇಷ ಹಾಕೋ ಜಾಗಕ್ಕೆ, ಕರ್ಕೊಂಡು ಹೋಗಿ, ವೇಷ ಕಟ್ಕೊಳ್ತಾ ಚಹಾ ಕುಡೀತಿದ್ದ ಕಲಾವಿದರನ್ನ ತೋರಿಸಿದ, ಅವರು ಇವಳ ಗಲ್ಲ ಸವರಿ ಮಾತಾಡ್ಸಿದ್ರು. ಮಾರನೇ ದಿನದಿಂದ ಟವೆಲ್ ಸುತ್ಕೊಂಡು ಮನೆಯೆಲ್ಲ ಕುಣಿತ. ಭಯ ಹೋದ ಆ ರಾತ್ರೀನ ನಾನು ಅವಳ ಹಲ್ಲು ಬಂದ ದಿನ, ನಡೆದ ದಿನದ ಸಾಲಲ್ಲೇ ಬರೆದಿಟ್ಟಿದೀನಿ. ಇದು ಎರಡು ವರ್ಷದ ಮಗುಗೆ ಆಗಲ್ಲ, ನಾಲ್ಕೂವರೆಗೇ ಆಗೋದು. ಆನೆಗುಡ್ಡೆ ಗಣಪತಿ ದೇವಸ್ಥಾನದಲ್ಲಿ ಬೆಲ್ಲದ ತುಲಾಭಾರಾನೂ ಆಗ್ಲೇ ಮಾಡಿಸಿದ್ವಿ, ತಕ್ಕಡೀಲಿ ಅಲುಗಾಡದೆ ಕೂತ್ಕೊಳ್ಳೋಕೂ ಆ ವಯಸ್ಸು ಬೇಕು.

ಅಲ್ಲಿನ ತೊಂದರೆ ಅಂದ್ರೆ ಹಿರಿಯರಿಗೆ ಪುರುಸೊತ್ತಿಲ್ಲ. ಅಕ್ಕ ಬ್ಯಾಂಕಿಗೆ ಹೋಗ್ತಾಳೆ, ಮೇ ತಿಂಗಳು ಅಂದ್ರೆ ಮದುವೆ, ಗೃಹಪ್ರವೇಶ, ದೈವದ ಕೋಲ, ದಿನಾ ಒಂದು ಕಡೆ ಊಟಕ್ಕೆ ಹೇಳಿಕೆ. ಮಕ್ಕಳು ತಮ್ಮ ಪಾಡಿಗೆ ಆಡ್ಕೊಳ್ಳೋ ವಯಸ್ಸಾಗಿದ್ರೆ ಇದೆಲ್ಲ ಲೆಕ್ಕಕ್ಕಿಲ್ಲ, ಎತ್ಕೋ ಅನ್ನೋ ಮಗು ಇದ್ರೆ ಅಮ್ಮನ ಕೈ ಬಿದ್ದು ಹೋಗುತ್ತೆ.

ಸಾಗರ ಕುಂದಾಪುರ ಎರಡನ್ನೂ ಒಂದೇ ರಜದಲ್ಲಿ ಸೇರಿಸೋದಾದ್ರೆ ಈಗ ದಾರಿ ಸುಲಭ. ಮೊದಲು ಅಂಬಾರಗೋಡ್ಲಿಂದ ಶರಾವತಿ ಹಿನ್ನೀರನ್ನ ಲಾಂಚಲ್ಲಿ ದಾಟ್ಬೇಕಿತ್ತು, ಬಸ್ಸು ಕಾರು ಜನ ಎಲ್ಲಾ ಒಂದೇ ಲಾಂಚಲ್ಲಿ, ಪುಟ್ಟಿಗೆ ಅದು ಸಮುದ್ರಕ್ಕಿಂತ ಇಷ್ಟ, ಕಾದು ಕಾದು ಸಾಕಾಗೋದು ನಮಗೆ. 2025ರ ಜುಲೈಲಿ ಸೇತುವೆ ಓಪನ್ ಆಯ್ತು, ಎರಡು ಕಿಲೋಮೀಟರಿಗಿಂತ ಉದ್ದ, ಸಿಗಂದೂರು ಮೇಲೆ ಕೊಲ್ಲೂರು, ಅಲ್ಲಿಂದ ಘಟ್ಟದ ಕೆಳಗೆ ಕುಂದಾಪುರ. ಅವಳು ಲಾಂಚ್ ಎಲ್ಲಿ ಅಂತ ಕೇಳ್ತಾನೇ ಇದ್ಲು, ಆದ್ರೆ ರಾತ್ರಿ ಹೊತ್ತು ಹಿನ್ನೀರಿನ ಆಚೆ ತುಮರಿ ಕಡೆಯೋರು ಹುಷಾರಿಲ್ಲದ ಮಕ್ಕಳನ್ನ ಆಸ್ಪತ್ರೆಗೆ ಕರ್ಕೊಂಡು ಬರೋಕೆ ಪಡ್ತಿದ್ದ ಕಷ್ಟ ನಮ್ಮ ಮಾವನೋರು ಹೇಳೋದು ಕೇಳಿದ್ರೆ ಸೇತುವೆ ಬಂದಿದ್ದು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತೆ. ದಾರೀಲಿ ಕೊಲ್ಲೂರಲ್ಲಿ ಇಳಿದು ಮೂಕಾಂಬಿಕೆ ಸನ್ನಿಧೀಲಿ ಅಕ್ಷರಾಭ್ಯಾಸ ಮಾಡಿಸಿದ್ವಿ, ಅಕ್ಕಿ ಮೇಲೆ ಅವಳ ಬೆರಳು ಹಿಡಿದು ಬರೆಸಿದ್ರು. ನವರಾತ್ರೀಲಿ ಅಲ್ಲಿ ಕೇರಳದಿಂದಾನೂ ಬಂದು ಸಿಕ್ಕಾಪಟ್ಟೆ ರಶ್ಶು, ವಾರದ ಮಧ್ಯೆ ಬೆಳಿಗ್ಗೆ ಹೋದ್ರೆ ಮಕ್ಕಳಿಗೆ ಹಿಂಸೆ ಆಗಲ್ಲ.

ಖರ್ಚಿನ ಲೆಕ್ಕದಲ್ಲಿ ಮೂರರಲ್ಲೂ ಹೋಗಿ ಬರೋ ಚಾರ್ಜು ಬಿಟ್ರೆ ದೊಡ್ಡದೇನಿಲ್ಲ, ಮೈಸೂರಲ್ಲಿ ಟಿಕೆಟ್ಟು ಐಸ್‌ಕ್ರೀಮ್ ಆಟೋ ಅಂತ ಸ್ವಲ್ಪ ಜಾಸ್ತಿ ಹೋಗುತ್ತೆ.

ಈಗ ನಮ್ಮ ಪರಿಸ್ಥಿತಿ ಥರ ಒಬ್ಬಳು ಐದು ಹತ್ರ, ಒಬ್ಬ ಈಗ ತಾನೇ ನಡೆಯೋನು ಇದ್ರೆ ಏನ್ ಮಾಡೋದು ಅಂತ ಕೇಳಿದ್ರೆ, ಚಿಕ್ಕೋನ ವಯಸ್ಸಿಗೆ ತಕ್ಕ ಊರನ್ನೇ ಆರಿಸಿ. ದೊಡ್ಡೋಳು ಸಾಗರದಲ್ಲಿ ಹೆಂಗೋ ಖುಷಿಯಾಗಿರ್ತಾಳೆ, ಚಿಕ್ಕೋನು ಕುಂದಾಪುರದ ಸೆಖೇಲಿ ಇರಲ್ಲ. ನಾವು ಈ ಸಲ ಏಪ್ರಿಲ್ ಮೊದಲ ಅರ್ಧ ಮೈಸೂರು, ಅಮ್ಮನಿಗೆ ಸುಸ್ತಾಗೋ ಮೊದಲೇ ಹೊರಟು ಅಲ್ಲಿಂದಾನೇ ತಾಳಗುಪ್ಪ ರೈಲು ಹತ್ತಿ ಸಾಗರದಲ್ಲಿ ಮೇ ಮೊದಲ ವಾರದವರೆಗೆ ಇದ್ವಿ, ಆಮೇಲೆ ಪುಟ್ಟಿನ ಮಾತ್ರ ಅವಳಪ್ಪ ಯಕ್ಷಗಾನ ನೋಡೋಕೆ ಕುಂದಾಪುರಕ್ಕೆ ಕರ್ಕೊಂಡು ಹೋದ್ರು. ಅಮ್ಮನ ಬಿಟ್ಟು ಮೊದಲನೇ ಸಲ ಇದ್ದಿದ್ದು ಅವಳು, ಫೋನ್ ಮಾಡಿದ್ರೆ ಮಾತಾಡೋಕೆ ಪುರುಸೊತ್ತಿಲ್ಲ ಅಂದ್ಲು. ರೈಲ್ ಟಿಕೆಟ್ ಈಗ 60 ದಿನ ಮುಂಚೆ ಮಾತ್ರ ಬುಕ್ ಮಾಡೋಕಾಗೋದು, ರಜದ ಟೈಮಲ್ಲಿ ತಾಳಗುಪ್ಪ ರೈಲಿನ ಲೋವರ್ ಬರ್ತ್ ಓಪನ್ ಆದ ಬೆಳಿಗ್ಗೇನೇ ಖಾಲಿ ಆಗುತ್ತೆ, ಏಪ್ರಿಲ್ ಮಧ್ಯದಲ್ಲಿ ಹೊರಡೋರು ಫೆಬ್ರವರಿ ಮಧ್ಯದಲ್ಲೇ ಕ್ಯಾಲೆಂಡರಲ್ಲಿ ಗುರುತು ಹಾಕಿಡಿ, ಬರೋ ಟಿಕೆಟ್ಟೂ ಅದೇ ಥರ ಬೇರೆ ದಿನ ಲೆಕ್ಕ ಹಾಕಿ ಮಾಡ್ಬೇಕು.